ಬಹುಮಾನದ ಕಪ್ಪಿನಲ್ಲಿ ಅವರೆಬೀಜ

ಮಧುಗಿರಿಯ ನನ್ನ ಬಾಡಿಗೆ ಕೋಣೆಗೆ ನೀವು ಎಂದಾದರೂ ಬಂದರೆ ಮೊದಲು ಕಣ್ಣಿಗೆ ಬೀಳುವುದು ಕಿಟಕಿಯ ತುಂಬ ನಿಂತಿರುವ ಏಕಶಿಲೆಯ ಬೆಟ್ಟವೂ ಅಲ್ಲ, ಆ ಬೆಟ್ಟಕ್ಕಿಂತ ಹೆಚ್ಚು ಮಾತಾಡುವ ನಾನೂ ಅಲ್ಲ. ಮೇಜಿನ ಮೇಲೆ, ಕಾನೂನು ಪುಸ್ತಕಗಳ ಪಕ್ಕದಲ್ಲಿ, ಸೊಂಟದ ಮೇಲೆ ಕೈಯಿಟ್ಟು ಜಗಳಕ್ಕೆ ನಿಂತವಳಂತೆ ನಿಂತಿರುವ ಒಂದು ಬಹುಮಾನದ ಕಪ್ಪು. ಅದರ ಬಂಗಾರದ ಬಣ್ಣ ಅಲ್ಲಲ್ಲಿ ಸುಲಿದಿದೆ. ಮುಚ್ಚಳದ ಸುತ್ತ ಕೆಮ್ಮಣ್ಣು, ಸಗಣಿ ಕಲಸಿ ಮೆತ್ತಿದ ಪಟ್ಟಿಯಿದೆ. ಒಣಗಿ ಬಿರುಕುಬಿಟ್ಟ ಅದು ಕೊರಳಿಗೆ ಬಿಗಿದ ಹಳೇ ಅಡ್ಡಿಕೆಯ ಸರದಂತೆ ಕಾಣುತ್ತದೆ. ನಾನು ಕಿರಿಯ ವಕೀಲೆ. ನನ್ನಲ್ಲಿಗೆ ಬರುವ ಕಕ್ಷಿದಾರರು ಅದನ್ನು ನೋಡಿ ಏನೆಂದು ಕೇಳಲು ಹಿಂಜರಿಯುತ್ತಾರೆ. ಒಬ್ಬರಂತೂ, ಯಾವುದೋ ದೇವರಿರಬೇಕೆಂದು, ಚಪ್ಪಲಿ ಬಿಟ್ಟು ಕೈಮುಗಿದೂ ಹೋದರು. ಅವರ ಕೇಸು ಗೆದ್ದಿತು. ಇಂಥ ಕಡೆಯಿಂದಲೇ ನಂಬಿಕೆಗಳು ಹುಟ್ಟುತ್ತವೆಂದು ನನಗೆ ಬಲವಾದ ಗುಮಾನಿಯಿದೆ.

ಕಪ್ಪಿನೊಳಗಿರುವುದು ಅವರೆಬೀಜ. ಹೊರಗೆ ಕೆತ್ತಿರುವುದು ಹೀಗೆ: 'ರಾಸಾಯನಿಕಗಳಿಲ್ಲದೆ ಕೃಷಿಯಿಲ್ಲ: ಪರ: ಪ್ರಥಮ ಬಹುಮಾನ.'

ಇದನ್ನು ಓದಿ ನೀವು ನನ್ನನ್ನು ಯಾವ ಪಕ್ಷಕ್ಕೂ ಸೇರಿಸುವ ಆತುರ ಮಾಡಬೇಡಿ. ಚರ್ಚಾಸ್ಪರ್ಧೆಯಲ್ಲಿ ಪಳಗಿದವರಿಗೆ ಅಭಿಪ್ರಾಯವೆಂಬುದು ಚೀಟಿಯಲ್ಲಿ ಬರುತ್ತದೆ. ಕೊರಟಗೆರೆಯ ಕಾಲೇಜೊಂದರ ವೇದಿಕೆಯಲ್ಲಿ ಚೀಟಿ ಬಿಡಿಸಿದಾಗ 'ಪರ' ಎಂದು ಬಂತು, ಪರ ಮಾತಾಡಿದೆ. ಮರುವರ್ಷ ಶಿರಾದಲ್ಲಿ ಹೆಚ್ಚುಕಡಿಮೆ ಅದೇ ವಿಷಯಕ್ಕೆ 'ವಿರೋಧ' ಎಂದು ಬಂತು, ವಿರೋಧ ಮಾತಾಡಿದೆ, ಅಲ್ಲೂ ಗೆದ್ದೆ. ಎರಡೂ ಭಾಷಣಗಳಲ್ಲಿ ನನ್ನ ಅಜ್ಜ ಬಂದಿದ್ದರು. ಮೊದಲನೆಯದರಲ್ಲಿ ಅವರು ಔಷಧಿ ಕಾಣದೆ ಬೆಳೆ ಕಳೆದುಕೊಂಡು ಬಡಕಲಾದ ಅಜ್ಜ, ಎರಡನೆಯದರಲ್ಲಿ ಔಷಧಿ ಕಾಣದ ಕಾರಣಕ್ಕೇ ಕೊನೆಯವರೆಗೂ ಗಟ್ಟಿಮುಟ್ಟಾಗಿದ್ದ ಅಜ್ಜ. ಎರಡು ಕಡೆಯೂ ಅಜ್ಜನಿಗೆ ಚಪ್ಪಾಳೆ ಬಿತ್ತು. ನಿಜವಾದ ಅಜ್ಜ ಬರಗೂರಿನ ಬಳಿಯ ನಮ್ಮ ಊರಿನಲ್ಲಿ ಕುರಿ ಕಾಯುತ್ತ, ಬೆಳೆಯ ಗೋಜಿಗೆ ಅಷ್ಟಾಗಿ ಹೋಗದೆ, ಸಾಧಾರಣವಾದ ಆರೋಗ್ಯದಲ್ಲಿ ಬಾಳಿ ಹೋದವರು. ಆದರೆ ಸಾಧಾರಣ ಆರೋಗ್ಯದ ಅಜ್ಜನನ್ನು ಕಟ್ಟಿಕೊಂಡು ಯಾರಾದರೂ ಕಪ್ಪು ಗೆಲ್ಲಲು ಸಾಧ್ಯವೇ?

ಹೀಗೆ ಗೆದ್ದ ಕಪ್ಪುಗಳು ಗೋಡೆಯ ಗೂಡಿನಲ್ಲಿ ಧೂಳು ತಿನ್ನುತ್ತಿದ್ದ ಕಾಲಕ್ಕೆ, ಸಂಕ್ರಾಂತಿ ಕಳೆದ ಮೇಲೊಂದು ದಿನ, ಪಾವಗಡ ತಾಲ್ಲೂಕಿನ ವಳ್ಳೂರಿನಿಂದ ನಮ್ಮ ದೊಡ್ಡಮ್ಮನ ಫೋನು ಬಂತು. ದೊಡ್ಡಮ್ಮನೆಂದರೆ ನಮ್ಮಮ್ಮನ ಅಕ್ಕ. ನಮ್ಮ ಸೀಮೆಯಿಂದ ಆ ಗಡಿಸೀಮೆಗೆ ಸೊಸೆಯಾಗಿ ಹೋಗಿ, ಪ್ರೀತಿಯನ್ನು ಕನ್ನಡದಲ್ಲೂ ಸಿಟ್ಟನ್ನು ತೆಲುಗಿನಲ್ಲೂ ಮಾಡುವ ಅಭ್ಯಾಸ ಹಚ್ಚಿಕೊಂಡಿರುವವಳು.

"ಲೇ ಲಾಯರಮ್ಮ, ನಿಮ್ಮಣ್ಣ ಮನೇಗೆ ಇಸ ತಂದವ್ನೆ ಕಣೇ. ಅವರೆಬೀಜದೊಳಕ್ಕೆ ಇಟ್ರೆ ಹುಳ ಸಾಯ್ತವಂತೆ. ಹುಳ ಸಾಯೋ ಕ್ವಾಣೇಲಿ ನಾನು ಮಲ್ಗಾದು ಹೆಂಗೆ? ನೀನೇ ಬಂದು ನ್ಯಾಯ ಮಾಡು."

ಪ್ರಪಂಚದಲ್ಲಿ ನನ್ನನ್ನು ನ್ಯಾಯ ಮಾಡಲು ಕರೆದ ಮೊದಲ ಕಕ್ಷಿದಾರಳು ದೊಡ್ಡಮ್ಮನೇ ಆದ್ದರಿಂದ ನಾನು ಹೊರಟೆ.

ಅಲ್ಲಿಗೆ ಹೋಗಿ ತಿಳಿದದ್ದು ಇಷ್ಟು. ದೊಡ್ಡಮ್ಮನ ಹೊಲವೆಲ್ಲ ಸೋಲಾರಿಗೆ ಗುತ್ತಿಗೆ ಹೋಗಿದೆ. ರಾಗಿಯ ಸಾಲುಗಳಿದ್ದಲ್ಲಿ ಈಗ ಕಪ್ಪು ಗಾಜಿನ ಸಾಲುಗಳು ಸೂರ್ಯನಿಗೆ ಮುಖವೊಡ್ಡಿ ಕೂತಿವೆ. ಬೇಲಿಯಾಚೆ, ಹಳ್ಳದ ಪಕ್ಕ, ಯಾರಿಗೂ ಬೇಡವಾದ ಒಂದು ಪಟ್ಟಿ ನೆಲ ಉಳಿದಿದೆ. ಅದರಲ್ಲಿ ದೊಡ್ಡಮ್ಮ ತನ್ನ ಅತ್ತೆಯ ಕಾಲದಿಂದ ಬಂದ ಅವರೆಯನ್ನು ಬೆಳೆಯುತ್ತಾಳೆ. ಕಾಳಿನ ಹೊಟ್ಟೆಯ ಮೇಲೆ ಕೆಂಪು ಮಚ್ಚೆ, ಕಾಯಿ ಮುಟ್ಟಿದರೆ ಮಾರನೆಯ ದಿನದವರೆಗೂ ಕೈಬಿಡದ ಸೊಗಡು. ಅಂಗಡಿಯಲ್ಲಿ ಸಿಗುವ, ವರ್ಷವಿಡೀ ಕಾಯಿಬಿಡುವ, ಸೊಗಡೆಂದರೇನೆಂದೇ ಅರಿಯದ ಅವರೆಯಲ್ಲ ಇದು. ಸುತ್ತಲಿನವರ ಹೊಲಗಳೂ ಗಾಜಾಗಿರುವುದರಿಂದ ಈ ಬೀಜ ಈಗ ಇನ್ನಾರ ಮನೆಯಲ್ಲೂ ಇಲ್ಲ. ಕೈಯಲ್ಲಿರುವುದು ಆ ಪಟ್ಟಿಯಲ್ಲಿ ಬಂದ ಒಂದು ಮಂಕರಿ, ಒಂದೇ ಬುಟ್ಟಿಯಷ್ಟು ಬೀಜ. ಮುಂಗಾರಿನವರೆಗೆ ಇದನ್ನು ಹುಳಕ್ಕೆ ಕೊಡದೆ ಉಳಿಸಬೇಕು. ಉಳಿಯದಿದ್ದರೆ ಕೆಂಪು ಮಚ್ಚೆಯ ಅವರೆ ಎಂಬುದೊಂದು ಇತ್ತು ಎಂದು ನಾವು ಹೇಳಿಕೊಂಡು ತಿರುಗಬೇಕು. ನಮ್ಮಂಥವರು ಅದನ್ನು ಚೆನ್ನಾಗಿಯೇ ಹೇಳುತ್ತೇವೆ, ಆದರೆ ಹೇಳಿದ್ದನ್ನು ಸಾರು ಮಾಡಲಾಗುವುದಿಲ್ಲ.

ಅವರೆಯ ಹುಳದ ಬಗ್ಗೆ ಒಂದು ಮಾತು ಹೇಳಬೇಕು. ನಾವೆಲ್ಲ ಅದು ಕಳ್ಳನಂತೆ ಹೊರಗಿನಿಂದ ಡಬ್ಬಕ್ಕೆ ನುಗ್ಗುತ್ತದೆಂದು ತಿಳಿದು ಮುಚ್ಚಳ ಬಿಗಿ ಮಾಡುತ್ತೇವೆ. ಅದು ಹೊಲದಲ್ಲೇ, ಕಾಯಿಯ ಮೇಲೆಯೇ ಮೊಟ್ಟೆಯಿಟ್ಟು, ನಮ್ಮದೇ ಹೆಗಲ ಮೇಲೆ, ನಮ್ಮದೇ ಚೀಲದಲ್ಲಿ, ನೆಂಟನ ಗತ್ತಿನಲ್ಲಿ ಮನೆಯೊಳಗೆ ಬಂದಿರುತ್ತದೆ. ಆಮೇಲೆ ಕಾಳಿನೊಳಗೆ ಕೂತು ಉಂಡು, ಒಂದು ದಿನ ಗುಂಡನೆಯ ಕಿಟಕಿ ಕೊರೆದುಕೊಂಡು ಹೊರಗೆ ಬಂದು ನಮ್ಮನ್ನು ನೋಡುತ್ತದೆ. ಆದ್ದರಿಂದ ಪ್ರಶ್ನೆ ಅದನ್ನು ಒಳಗೆ ಬಿಡುವುದೋ ಬೇಡವೋ ಎಂಬುದಲ್ಲ. ಒಳಗಿರುವವನನ್ನು ಏನು ಮಾಡುವುದು ಎಂಬುದು.

ಗೋವಿಂದಣ್ಣ, ಅಂದರೆ ದೊಡ್ಡಮ್ಮನ ಮಗ, ಇದಕ್ಕೆ ತಂದ ಉತ್ತರ ಕಾಗದದಲ್ಲಿ ಸುತ್ತಿದ ಬೂದುಬಣ್ಣದ ಮಾತ್ರೆಗಳು. ಗಾಳಿಯ ತೇವ ತಾಗಿದರೆ ಸಾಕು, ವಿಷದ ಗಾಳಿ ಬಿಡುವ ಸರಕು ಅದು. ಗೋದಾಮನ್ನು ಬಿಗಿಯಾಗಿ ಮುಚ್ಚಿ, ಬಲ್ಲವರು ಮಾತ್ರ ಮುಟ್ಟಬೇಕಾದದ್ದು. ಅಂಗಡಿಯವನೊಬ್ಬ ಅದನ್ನು ಕಡಲೆಪುರಿ ಕಟ್ಟಿಕೊಟ್ಟಂತೆ ಕಟ್ಟಿಕೊಟ್ಟಿದ್ದ. ಚೀಟಿಯಲ್ಲಿ 'ಪರ' ಬಂದರೂ ನಾನು ಸಮರ್ಥಿಸಲಾರದ ಸಂಗತಿಗಳು ಈ ಲೋಕದಲ್ಲಿ ಕೆಲವಿವೆ. ಮನುಷ್ಯರು ಮಲಗುವ ಕೋಣೆಯಲ್ಲಿ ಆ ಮಾತ್ರೆ ಇಡುವುದು ಅದರಲ್ಲೊಂದು. ಅಣ್ಣನೂ ವಾದ ಬೆಳೆಸಲಿಲ್ಲ. ಪೊಟ್ಟಣ ಬಿಚ್ಚದೆ ಹಾಗೆಯೇ ಅಂಗಡಿಗೆ ಹಿಂದಿರುಗಿಸಿ ಬಂದ.

ಇಲ್ಲಿಗೆ ನ್ಯಾಯ ಮುಗಿಯಿತೆಂದು ನೀವು ತಿಳಿದರೆ ನಿಮಗೆ ಸರೋಜತ್ತಿಗೆಯ ಪರಿಚಯವಿಲ್ಲ. ಸರೋಜತ್ತಿಗೆ ಗೋವಿಂದಣ್ಣನ ಹೆಂಡತಿ. ಬೆಳಗಾದರೆ ಸೋಲಾರಿನ ಬೇಲಿಯೊಳಗೆ ಹೋಗಿ, ಒಂದು ಕಾಲದಲ್ಲಿ ತಾನೇ ಕಳೆ ಕಿತ್ತ ನೆಲದ ಮೇಲೆ ನಿಂತ ಪ್ಯಾನೆಲ್ಲುಗಳ ಧೂಳು ಒರೆಸಿ ಕೂಲಿ ತರುವವಳು. ಮಾತ್ರೆ ತರಲು ಹೇಳಿದ್ದೇ ಅವಳು. ದೊಡ್ಡಮ್ಮ ಗೆದ್ದ ಮುಖದಲ್ಲಿ ತನ್ನ ಪದ್ಧತಿಯನ್ನು ಹೇಳತೊಡಗಿದಳು: ಬೀಜವನ್ನು ಬಿರುಬಿಸಿಲಲ್ಲಿ ಕಟಕಟ ಎನ್ನುವಂತೆ ಒಣಗಿಸಬೇಕು, ಆಮೇಲೆ ಬೂದಿ ಜರಡಿ ಹಿಡಿದು ಬೆರೆಸಬೇಕು, ನೆರಳಲ್ಲಿ ಒಣಗಿಸಿದ ಬೇವಿನ ಸೊಪ್ಪು, ಲಕ್ಕಿ ಸೊಪ್ಪು ಹಾಕಬೇಕು, ಒಂದಿಷ್ಟು ಹರಳೆಣ್ಣೆ ಸವರಬೇಕು, ಮೇಲೆ ನಾಲ್ಕು ಒಣಮೆಣಸಿನಕಾಯಿ, ಮಣ್ಣಿನ ಗುಡಾಣದ ಬಾಯಿಗೆ ಕೆಮ್ಮಣ್ಣು ಸಗಣಿ, ಇದೆಲ್ಲ ಅಮಾವಾಸ್ಯೆಯ ದಿನವೇ ಆಗಬೇಕು, ಮತ್ತು ಬೀಜ ತುಂಬಿ ಬಾಯಿ ಮೆತ್ತುವವರೆಗೆ ಯಾರೂ ಮಾತಾಡಬಾರದು.

ಸರೋಜತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು: "ನೀವೇನೋ ಯೋಳ್ಬುಡ್ತೀರ ಅತ್ತೆ. ಬಿಸ್ಲಿಗೆ ಆಕೋರ್ಯಾರು? ತಿರುವಿ ಆಕೋರ್ಯಾರು? ಗ್ಯಾಸ್ ಬಂದ್ಮೇಲೆ ಮನೇಲಿ ಬೂದಿ ಎಲ್ಲೈತೆ, ಊರೆಲ್ಲ ತಿರುಗಿ ತರೋರ್ಯಾರು? ನಾನು ಪ್ಲೇಟ್ ಒರ್ಸಕ್ಕೆ ಹೋಗ್ಲೋ, ನಿಮ್ಮ ಅವರೇನ ಒರ್ಸ್ಕಂಡು ಕುಂತ್ಕಳ್ಲೋ?"

ಸ್ನೇಹಿತರೇ, ಸಾವಯವದ ಬಗ್ಗೆ ನಾನು ಕೇಳಿದ ಭಾಷಣಗಳಲ್ಲೆಲ್ಲ, ಮಾಡಿದ ಭಾಷಣವನ್ನೂ ಸೇರಿಸಿ, ಈ ಪ್ರಶ್ನೆಯನ್ನು ಯಾರೂ ಎತ್ತಿದ್ದಿಲ್ಲ. ಬೇವು ಪುಕ್ಕಟೆ, ಬೂದಿ ಪುಕ್ಕಟೆ, ಬಿಸಿಲು ಪುಕ್ಕಟೆ ಎಂದು ಹೇಳುವವರು ಅವೆಲ್ಲ ತಾವಾಗಿಯೇ ನಡೆದುಬಂದು ಗುಡಾಣದೊಳಗೆ ಕೂರುತ್ತವೆಂದು ನಂಬಿದಂತೆ ಕಾಣುತ್ತದೆ. ನಮ್ಮ ಮನೆಗಳಲ್ಲಿ ನೈಸರ್ಗಿಕ ವಿಧಾನವೆಂದರೆ ಅತ್ತೆ ಹೇಳುವುದು, ಸೊಸೆ ಮಾಡುವುದು. ಮಾತ್ರೆಯ ಆಕರ್ಷಣೆ ಅದರ ವಿಷದಲ್ಲಿಲ್ಲ. ಒಂದು ಗಳಿಗೆಯಲ್ಲಿ ಮುಗಿಯುತ್ತದೆ ಎಂಬುದರಲ್ಲಿದೆ.

ಇನ್ನು ಆ 'ನೈಸರ್ಗಿಕ' ಎಂಬ ಮಾತು. ಅದನ್ನು ಕೇಳಿದರೆ ಸಾಕು ಸಭಿಕರ ಮುಖದಲ್ಲೊಂದು ಹಸಿರು ಕಾಂತಿ ಮೂಡುತ್ತದೆ. ಹಾವಿನ ವಿಷ ನೈಸರ್ಗಿಕ, ಎಕ್ಕದ ಹಾಲು ನೈಸರ್ಗಿಕ. ಹುಳವಂತೂ ಪರಮ ನೈಸರ್ಗಿಕ, ಅದಕ್ಕಿಂತ ಸಾವಯವ ಜೀವಿಯನ್ನು ನಾನು ಕಂಡಿಲ್ಲ. ಹಾಗೆಯೇ ಅಮಾವಾಸ್ಯೆ. ಅದನ್ನು ದೊಡ್ಡಮ್ಮ ನಂಬುವುದು ನನಗೆ ಅರ್ಥವಾಗುತ್ತದೆ; ಅರ್ಥವಾಗದಿರುವುದು ಅದಕ್ಕೆ ವಿಜ್ಞಾನದ ಕೋಟು ಹೊಲಿಯಲು ಕೂರುವ ದರ್ಜಿಗಳು. ಮೊಬೈಲಿನಲ್ಲಿ ದಿನಕ್ಕೊಂದು ಕೋಟು ಬರುತ್ತದೆ: ಚಂದ್ರನ ಸೆಳೆತಕ್ಕೂ ಹುಳದ ಹೊಟ್ಟೆಗೂ ಸಂಬಂಧವಿದೆಯಂತೆ, ನಮ್ಮ ಹಿರಿಯರಿಗೆ ಎಲ್ಲ ಗೊತ್ತಿತ್ತಂತೆ. ಹಿರಿಯರಿಗೆ ಎಲ್ಲ ಗೊತ್ತಿದ್ದರೆ ಅವರ ಅವರೆಗೆ ಹುಳವೇ ಬೀಳುತ್ತಿರಲಿಲ್ಲ, ಇಷ್ಟೊಂದು ಉಪಾಯವನ್ನೂ ಅವರು ಹುಡುಕುತ್ತಿರಲಿಲ್ಲ. ಅಳತೆಯನ್ನು ನೋಡದೆ ಹೊಲಿಯುವ ಈ ದರ್ಜಿಗಳ ಬಗ್ಗೆ ನನಗೆ ಮೊದಲಿನಿಂದಲೂ ತಾತ್ಸಾರ. ಈ ಮಾತನ್ನು ನೆನಪಿಟ್ಟುಕೊಂಡಿರಿ.

ಆದ್ದರಿಂದ ನಾನು ತೀರ್ಪಿಗೆ ಬದಲು ಒಂದು ಪ್ರಶ್ನೆಯನ್ನು ಮುಂದಿಟ್ಟೆ. ದೊಡ್ಡಮ್ಮ ಹೇಳಿದ ಅಷ್ಟೊಂದು ಸಂಗತಿಗಳಲ್ಲಿ ಯಾವುದು ನಿಜವಾಗಿ ಕೆಲಸ ಮಾಡುತ್ತದೆ? ಎಲ್ಲವನ್ನೂ ಒಟ್ಟಿಗೆ ಹಾಕಿ, ಬೀಜ ಉಳಿದ ಮೇಲೆ ಎಲ್ಲಕ್ಕೂ ಹೊಗಳಿಕೆ ಹಂಚಿದರೆ, ಸುಮ್ಮನೆ ಜೊತೆಗೆ ಬಂದವರಿಗೂ ಮೆರವಣಿಗೆ ಮಾಡಿದಂತಾಗುತ್ತದೆ. ಬೂದಿಯೊಂದೇ ಸಾಕೆಂದಾದರೆ ಅತ್ತಿಗೆಗೆ ಬೇವು ತರುವ ಕೆಲಸ ಉಳಿಯಿತು. ಎಣ್ಣೆಯೊಂದೇ ಸಾಕೆಂದಾದರೆ ಬೂದಿ ಬೇಡುವ ಕೆಲಸ ಉಳಿಯಿತು. ಒಂದೇ ಅಳತೆಯ ನಾಲ್ಕು ಪಾತ್ರೆಗಳಲ್ಲಿ ಒಂದಕ್ಕೆ ಬೂದಿ, ಒಂದಕ್ಕೆ ಬೇವು, ಒಂದಕ್ಕೆ ಹರಳೆಣ್ಣೆ ಹಾಕೋಣ; ನಾಲ್ಕನೆಯದಕ್ಕೆ ಏನೂ ಹಾಕುವುದು ಬೇಡ.

ಅಲ್ಲಿಯವರೆಗೆ ತಲೆಯಾಡಿಸುತ್ತಿದ್ದ ಸರೋಜತ್ತಿಗೆಯ ತಲೆ ನಿಂತಿತು. ದೊಡ್ಡಮ್ಮ ತೆಲುಗಿಗೆ ತಿರುಗಿದಳು. "ಏಂದೇ ಇದಿ! ಏನೂ ಆಕ್ದೆ ಇಡಾದಾ? ಅದು ಹುಳಕ್ಕೆ ಎಡೆ ಇಟ್ಟಂಗಲ್ವೇನೇ?"

"ಹೌದು ದೊಡ್ಡಮ್ಮ, ಅದಕ್ಕೆ ಹುಳ ಬೀಳಲೇಬೇಕು. ಬಿದ್ದರೇ ಉಳಿದವು ಉಳಿದದ್ದು ಯಾಕೆ ಅಂತ ಗೊತ್ತಾಗೋದು."

"ಇರಾದೇ ಒಂದು ಮಂಕ್ರಿ. ಅದ್ರಾಗೆ ನಿನ್ನ ಗ್ಯಾನಕ್ಕೆ ಬಲಿ ಬ್ಯಾರೆ. ಕ್ವಾಣನ್ ಕಡಿಯೋದ ಬುಟ್ಟು ಅವರೆ ಕಡಿಯಾಕ್ ಬಂದವ್ಳೆ ನೋಡು."

ಚೌಕಾಸಿ ಬಹಳ ಹೊತ್ತು ನಡೆಯಿತು. ಕಡೆಗೆ ಮಂಕರಿಯ ಕಾಲುಭಾಗ ನನ್ನ ಪಾಲಿಗೆ ಬಂತು. ಉಳಿದದ್ದೆಲ್ಲ ದೊಡ್ಡಮ್ಮನ ಪದ್ಧತಿಯಂತೆ, ಅಮಾವಾಸ್ಯೆಯಂದು, ಗುಡಾಣಕ್ಕೆ ಹೋಗತಕ್ಕದ್ದು.

ನಾಲ್ಕು ಸಮನಾದ ಪಾತ್ರೆಗಳೆಂದಾಗ ನನಗೆ ನೆನಪಾದದ್ದು ಕಪ್ಪುಗಳೇ. ಸ್ಪರ್ಧೆ ನಡೆಸುವವರೆಲ್ಲ ಒಂದೇ ಬಗೆಯ ಕಪ್ಪು ಕೊಂಡು ನನ್ನ ಪ್ರಯೋಗಕ್ಕೆ ಮುಂಚಿತವಾಗಿಯೇ ಸಹಕರಿಸಿದ್ದರು. ಅಮಾವಾಸ್ಯೆಯ ಹಿಂದಿನ ವಾರ ಶಿರಾಕ್ಕೆ ಕೇಸಿನ ಮೇಲೆ ಹೋದವಳು ಸಂತೆಯಲ್ಲಿ ಹರಳೆಣ್ಣೆ ಕೊಂಡೆ, ಮಾರುವ ಸಾಬರು "ಬಿಲ್ಕುಲ್ ಗಾಣದ್ದೇ ಅಮ್ಮ, ತಲೆಗೋ ಹೊಟ್ಟೆಗೋ?" ಎಂದರು. ಅವರೆಗೆ ಎಂದೆ. ಅವರು ನನ್ನ ತಲೆಯನ್ನು ಇನ್ನೊಮ್ಮೆ ನೋಡಿ, ಬಾಟಲಿಗೆ ಇನ್ನೂ ಒಂದಿಷ್ಟು ಎಣ್ಣೆಯನ್ನು ಮೇಲೆ ಸುರಿದುಕೊಟ್ಟರು. ನಾಲ್ಕು ಕಪ್ಪುಗಳ ಚೀಲ ಹೊತ್ತು ಪಾವಗಡದ ಬಸ್ಸು ಹತ್ತಿದಾಗ ಕಂಡಕ್ಟರಿಗೂ ಕುತೂಹಲ.

"ಏನಮ್ಮಾ ನಾಕ್ ನಾಕು ಕಪ್ಪು! ಯಾವಾಟದಾಗೆ?"

"ಮಾತಾಡೋ ಆಟದಲ್ಲಿ."

"ಅಂಗಾದ್ರೆ ಇಲ್ಲಿ ಆಡ್ಬ್ಯಾಡಿ, ಒಳಕ್ಕೆ ಹೋಗಿ."

ವಳ್ಳೂರಿನ ಅಂಗಳದಲ್ಲಿ ಬೀಜ ಹರಡಿ, ತಿರುವಿ, ಕಾದದ್ದು ಈ ಸಲ ನಾನೇ. ಬಿಸಿಲಿನಲ್ಲಿ ಕೂತು ಅವರೆ ಕಾಯುವಾಗ, ಬೇಲಿಯಾಚೆ ಅದೇ ಬಿಸಿಲನ್ನು ಹಿಡಿದು ತಂತಿಗೆ ತುಂಬುತ್ತಿದ್ದ ಪ್ಯಾನೆಲ್ಲುಗಳು ಕಾಣುತ್ತಿದ್ದವು. ಲೋಕದ ಅತ್ಯಂತ ಹಳೆಯ ಕೀಟನಾಶಕಕ್ಕೆ ಇಷ್ಟು ಹತ್ತಿರದಲ್ಲಿ ಇಷ್ಟು ಹೊಸ ಗಿರಾಕಿ ಸಿಕ್ಕಿರುವುದು ನನಗೆ ತಮಾಷೆಯಾಗಿ ಕಂಡಿತು. ಬೂದಿಯನ್ನು ಅತ್ತಿಗೆ ಇನ್ನೂ ಸ್ನಾನದ ನೀರಿಗೆ ಸೌದೆ ಉರಿಸುವ ಪಕ್ಕದ ಮನೆಯವರಿಂದ ತಂದಳು. ತುಂಬುವ ಹೊತ್ತು ಬಂದಾಗ ದೊಡ್ಡಮ್ಮ ತುಟಿಯ ಮೇಲೆ ಬೆರಳಿಟ್ಟಳು.

"ಈಗ ಮಾತಾಡ್ಬಾರ್ದು. ಹುಳ ಕೇಳಿಸ್ಕಂಡು ಬತ್ತವೆ."

"ಹುಳಕ್ಕೆ ಕಿವಿ ಎಲ್ಲಿದೆ ದೊಡ್ಡಮ್ಮ?"

"ನಿಂಗೆ ಎಲ್ಡವೆ, ನೀನೇನ್ ಕೇಳಿಸ್ಕಂಡೀಯ? ಚಾಲು ಚಾಲು, ಸಾಕು ಸುಮ್ಕಿರು."

ನಾನು ಸುಮ್ಮನಿರಲಿಲ್ಲ. ಮೌನದಿಂದ ಬೀಜ ಉಳಿಯುತ್ತದೆಂಬುದನ್ನೂ ಪರೀಕ್ಷಿಸಬೇಕಲ್ಲ. ನನ್ನ ನಾಲ್ಕೂ ಕಪ್ಪುಗಳನ್ನು ತುಂಬುವಾಗ ಬೇಕೆಂದೇ, ಯಾವ ಕಪ್ಪಿಗೆ ಏನೆಂದು ಗಟ್ಟಿಯಾಗಿ ಸಾರುತ್ತ ತುಂಬಿದೆ. ಬೂದಿಯ ಕಪ್ಪಿನ ಹೊತ್ತಿಗೆ ಒಂದು ಹಿಡಿ ಗಂಟಲಿಗೂ ಹೋಗಿ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ದೊಡ್ಡಮ್ಮ ಅದನ್ನು ನೋಡಿಯೂ ತುಟಿ ಬಿಚ್ಚದೆ ತನ್ನ ಗುಡಾಣವನ್ನು ಮೆತ್ತಿದಳು. ನಾನು ಕಪ್ಪುಗಳ ಮುಚ್ಚಳಕ್ಕೆ ಬಟ್ಟೆ ಬಿಗಿದು, ಮಣ್ಣು ಮೆತ್ತಿ, ಕೋರ್ಟಿನಲ್ಲಿ ಮುದ್ದೇಮಾಲಿಗೆ, ಅಂದರೆ ಜಪ್ತಿಯಾದ ವಸ್ತುವಿಗೆ, ಮಾಡುವಂತೆ ಚೀಟಿ ಅಂಟಿಸಿ ಸಹಿ ಹಾಕಿದೆ. ಏನೂ ಹಾಕದ ನಾಲ್ಕನೆಯ ಪಾಲಿಗೆ 'ರಾಸಾಯನಿಕಗಳಿಲ್ಲದೆ ಕೃಷಿಯಿಲ್ಲ' ಎಂದು ಕೆತ್ತಿದ್ದ ಕಪ್ಪೇ ಬಂತು. ಅದೂ ಒಂದು ಚೀಟಿ ಎತ್ತಿದಂತೆಯೇ ಆಯಿತು.

ಗುಡಾಣ ಎಂದಿನಂತೆ ಅಡುಗೆಮನೆಯ ಅಟ್ಟಕ್ಕೆ ಹೋಯಿತು, ಅದರ ಸ್ಥಾನವೇ ಅದು. ಕಪ್ಪುಗಳನ್ನೂ ಅಲ್ಲೇ ಇಡೋಣವೆಂದರೆ ಅತ್ತಿಗೆ ಒಪ್ಪಲಿಲ್ಲ. "ಕಪ್ಪನ್ನ ಯಾರಾದ್ರೂ ಅಟ್ಟದ ಮ್ಯಾಲೆ ಇಡ್ತಾರಾ? ಬಂದೋರಿಗೆ ಕಾಣಂಗೆ ಇಡ್ಬೇಕು" ಎಂದು ನಡುಮನೆಯ ಷೋಕೇಸಿನ ಮೇಲೆ, ಟಿ.ವಿ.ಯ ಪಕ್ಕಕ್ಕೆ ಸಾಲಾಗಿ ನಿಲ್ಲಿಸಿದಳು.

ಬೇಸಿಗೆ ಕಳೆಯಿತು. ಮಧುಗಿರಿಯ ಬಂಡೆ ಕಾದು ಕಾದು, ಮೊದಲ ಮಳೆಗೆ ಹಬೆ ಬಿಟ್ಟ ಮಾರನೆಯ ದಿನ ನಾನು ವಳ್ಳೂರಿನ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ತೀರ್ಪಿನ ಭಾಷಣವನ್ನು ಮನಸ್ಸಿನಲ್ಲೇ ಸಿದ್ಧಪಡಿಸಿದೆ. ಬೂದಿ ಗೆದ್ದರೆ ಒಂದು, ಎಣ್ಣೆ ಗೆದ್ದರೆ ಇನ್ನೊಂದು. ಅಭ್ಯಾಸಬಲ.

ಮೊದಲು ಗುಡಾಣ ಇಳಿಯಿತು. ಗೋವಿಂದಣ್ಣ ಬಾಯಿಯ ಮಣ್ಣು ಒಡೆದು ಬಟ್ಟೆ ಬಿಚ್ಚುತ್ತಲೇ ಮುಗ್ಗಲು ವಾಸನೆ ಮುಖಕ್ಕೆ ಬಡಿಯಿತು. ಬೂದಿ ಕೆಸರಿನ ಹೆಂಟೆಯಾಗಿತ್ತು. ಬೇವಿನ ಸೊಪ್ಪು ಬೂಷ್ಟು ಹಿಡಿದಿತ್ತು. ದೊಡ್ಡಮ್ಮ ಒಳಗೆ ಕೈಯಿಟ್ಟು ಒಂದು ಬೊಗಸೆ ಎತ್ತಿದಳು. ಕಾಳಿಗೆ ಕಾಳು ಅಂಟಿಕೊಂಡಿತ್ತು, ಬೆರಳಿನಿಂದ ಒತ್ತಿದರೆ ಸಿಪ್ಪೆ ಜಾರಿ ಒಳಗಿನದು ಹಿಟ್ಟಾಗಿ ಹೊರಬರುತ್ತಿತ್ತು. ಅವಳು ಇನ್ನಷ್ಟು ಆಳಕ್ಕೆ ಕೈಹಾಕಿದಳು, ಮತ್ತೆ ಹಾಕಿದಳು. ತಳದವರೆಗೂ ಅದೇ. ಸಿಟ್ಟಿನ ತೆಲುಗೂ ಬರಲಿಲ್ಲ. ಕೈಯನ್ನು ತೊಳೆಯದೆ ಹಾಗೆಯೇ ಮಡಿಲಲ್ಲಿ ಇಟ್ಟುಕೊಂಡು ಹೊಸಿಲ ಮೇಲೆ ಕೂತುಬಿಟ್ಟಳು. ಗೆಲ್ಲುವುದರಲ್ಲಿ ನನಗೆ ಯಾವತ್ತೂ ಹಿಂಜರಿಕೆಯಿರಲಿಲ್ಲ. ಆವತ್ತು ಮಾತ್ರ ಎದುರಾಳಿ ಹೀಗೆ ಕೂತದ್ದನ್ನು ನೋಡಲಾಗಲಿಲ್ಲ.

ಅಟ್ಟವನ್ನು ತಲೆಯೆತ್ತಿ ನೋಡಿದವಳು ಅತ್ತಿಗೆ. ಅಟ್ಟದ ಹಲಗೆಗಳು ಹಳೆಯ ಕಾಲದ ಹೊಗೆಗೆ ಕಪ್ಪಾಗಿ ಹೊಳೆಯುತ್ತಿದ್ದವು. ಅದರ ಕೆಳಗೆ ಹೋದ ವರ್ಷದ ಮುಂಗಾರಿನವರೆಗೂ ಸೌದೆಯ ಒಲೆಯಿತ್ತು. ದಿನವೂ ಏಳುತ್ತಿದ್ದ ಹೊಗೆ, ಕಾವು ಎರಡೂ ಗುಡಾಣವನ್ನು ಒಣಗಿಸಿ, ಹುಳವನ್ನು ಉಸಿರುಕಟ್ಟಿಸಿ, ಬೀಜವನ್ನು ಕಾದಿದ್ದವು. ಈಗ ಅದೇ ಜಾಗದಲ್ಲಿ ಗ್ಯಾಸಿನ ಒಲೆ.

"ಹೊಗೆ ಎಲ್ಲೈತೆ ಅತ್ತೆ ಈಗ?" ಎಂದಳು ಅತ್ತಿಗೆ, ಮೆಲ್ಲಗೆ, ಗೆದ್ದವಳ ದನಿಯಲ್ಲಲ್ಲ. "ಕುಕ್ಕರ್ ಕೂಗಿದ್ದು, ಮುದ್ದೆಗೆ ಎಸರಿಟ್ಟಿದ್ದು, ಆ ಅಬೆಯೆಲ್ಲ ಗುಡಾಣಕ್ಕೇ ಹೋಗೈತೆ."

ಹೊಗೆಯಿದ್ದಲ್ಲಿ ಹಬೆ ಬಂದಿತ್ತು. ಪದ್ಧತಿ ಒಂದಕ್ಷರವೂ ತಪ್ಪಿರಲಿಲ್ಲ. ಅಮಾವಾಸ್ಯೆ, ಬೂದಿ, ಬೇವು, ಮೌನ ಎಲ್ಲವೂ ಕ್ರಮಬದ್ಧ. ಆ ಪದ್ಧತಿಯ ಪಟ್ಟಿಯಲ್ಲಿ ಯಾರೂ ಸೇರಿಸದೆ ಬಿಟ್ಟಿದ್ದ, ಸೇರಿಸುವ ಅಗತ್ಯವೇ ಕಾಣದಷ್ಟು ಸಹಜವಾಗಿದ್ದ ಒಲೆಯೊಂದು ಮಾತ್ರ ಮನೆ ಬಿಟ್ಟು ಹೋಗಿತ್ತು. ಪ್ರತಿಯೊಂದನ್ನೂ ಪ್ರಶ್ನಿಸುತ್ತೇನೆಂದು ಎದೆಯುಬ್ಬಿಸುವ ನಾನು ಹುಳದ ಕಿವಿಯನ್ನು ಪ್ರಶ್ನಿಸಿದ್ದೆ, ಚಂದ್ರನನ್ನು ಪ್ರಶ್ನಿಸಿದ್ದೆ. ಅಟ್ಟವನ್ನು ಯಾರು ಪ್ರಶ್ನಿಸುತ್ತಾರೆ? ಪದ್ಧತಿಯನ್ನು ಕಾಪಾಡುವವರಿಗೂ ಅದನ್ನು ಗೇಲಿ ಮಾಡುವವರಿಗೂ ಕಣ್ಣು ಬೀಳುವುದು ವಿಚಿತ್ರವಾದದ್ದರ ಮೇಲೆಯೇ. ಎದುರಿಗೇ ಇದ್ದು ದಿನವೂ ಅನ್ನ ಬೇಯಿಸುವುದು ಇಬ್ಬರಿಗೂ ಕಾಣುವುದಿಲ್ಲ.

ಹೀಗೆ, ಕೆಂಪು ಮಚ್ಚೆಯ ಅವರೆಯೆಂಬುದು ಇನ್ನು ಈ ಭೂಮಿಯ ಮೇಲೆ ಇದ್ದರೆ, ನಡುಮನೆಯ ಷೋಕೇಸಿನ ಮೇಲೆ ಮಾತ್ರ ಇತ್ತು.

ಕಪ್ಪುಗಳನ್ನು ಇಳಿಸಿದೆ. ಮೊಹರು ಹಾಗೆಯೇ ಇದ್ದವು, ನನ್ನ ಸಹಿ ಅಲುಗಿರಲಿಲ್ಲ. ಬೂದಿಯ ಕಪ್ಪು ಒಡೆದೆ: ಕಾಳು ಒಣಗಿ ಗಟ್ಟಿಯಾಗಿ, ಬೂದಿ ಬಳಿದುಕೊಂಡ ಬೈರಾಗಿಗಳಂತೆ ಕ್ಷೇಮವಾಗಿದ್ದವು. ಹರಳೆಣ್ಣೆಯ ಕಪ್ಪಿನವು ಇನ್ನೂ ಮಿರುಗುತ್ತಿದ್ದವು. ಬೇವಿನ ಕಪ್ಪಿನಲ್ಲಿ ಅಲ್ಲೊಂದು ಇಲ್ಲೊಂದು ಕಾಳಿಗೆ ಗುಂಡನೆಯ ಕಿಟಕಿ ಬಿದ್ದಿತ್ತು; ಬೇವಿನ ಬಗ್ಗೆ ಶಿರಾದ ವೇದಿಕೆಯಲ್ಲಿ ನಾನಾಡಿದ ಮಾತುಗಳು ಸ್ವಲ್ಪ ಹೆಚ್ಚಾಗಿದ್ದವೆಂದು ಆ ಕಿಟಕಿಗಳು ಹೇಳಿದವು. ದೊಡ್ಡಮ್ಮ ಹೊಸಿಲಿನಿಂದ ಎದ್ದು ಬಂದು ಒಂದೊಂದು ಕಾಳನ್ನೂ ಬೆಳಕಿಗೆ ಹಿಡಿದು ನೋಡತೊಡಗಿದಳು.

ಉಳಿದದ್ದು ನಾಲ್ಕನೆಯದು. "ಇದರಲ್ಲಿ ಏನೂ ಉಳಿದಿರಲ್ಲ ದೊಡ್ಡಮ್ಮ, ಮನಸ್ಸಿಗೆ ಹಚ್ಚಿಕೋಬೇಡ" ಎಂದು ಮುನ್ನುಡಿ ಹೇಳಿ ಮುಚ್ಚಳ ತೆಗೆದೆ. ಬೂದಿ ಬುಸ್ಸೆಂದು ನನ್ನ ಮುಖಕ್ಕೆ ಹಾರಿತು.

ಏನೂ ಹಾಕದ ಕಪ್ಪಿನಲ್ಲಿ ಬೂದಿ! ಕೈಹಾಕಿದರೆ ಬೆರಳೆಲ್ಲ ಜಿಡ್ಡು, ಅಂದರೆ ಎಣ್ಣೆಯೂ ಉಂಟು. ಒಂದೇ ಒಂದು ಕಾಳೂ ತೂತಾಗಿರಲಿಲ್ಲ. ನಾನು ಮೊಹರನ್ನು ಮತ್ತೆ ನೋಡಿದೆ, ಸಹಿಯನ್ನು ನೋಡಿದೆ, ಎದುರಿಗಿದ್ದ ಇಬ್ಬರನ್ನೂ ನೋಡಿದೆ. ದೊಡ್ಡಮ್ಮನ ದೃಷ್ಟಿ ಸೂರಿನ ಮೇಲಿತ್ತು.

"ಬುಡ ತಿರುವಿದ್ರೆ ಬಿಚ್ಕಂತದೆ ಕಣೇ ಅದು" ಎಂದಳು ಕಡೆಗೆ. "ಬೋರ್ಲು ಆಕಿ, ಬುಡದ ತೂತ್ನಾಗೆ ಒಂದೀಟು ಬೂದಿ ಬುಟ್ಟೆ. ಏನ್ ಮಾಡ್ಲಿ? ಮೂರು ಮಕ್ಳಿಗೆ ಬಟ್ಟೆ ಉಡ್ಸಿ, ಒಂದನ್ನ ಬರೀ ಮೈಲಿ ನಡುಮನ್ಯಾಗೆ ಕುಂಡ್ರಿಸಿದ್ದೀಯ. ದಿನಾ ಟೀವಿ ನೋಡಕ್ ಕುಂತ್ರೆ ಅದೇ ಕಣ್ಣಿಗೆ ಬೀಳ್ತದೆ."

"ಎಣ್ಣೆ?"

"ಎಣ್ಣೆ ನಾನಲ್ಲಪ್ಪ."

ಸರೋಜತ್ತಿಗೆ ನಗು ತಡೆಯಲಾರದೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ನಂಗೇನ್ ಗೊತ್ತು ಅತ್ತೆ ಬೂದಿ ಆಕವ್ರೆ ಅಂತ? ಬುಡ ಸಡ್ಲ ಆಗಿತ್ತು, ಬಿಗಿ ಮಾಡನ ಅಂತ ಬಿಚ್ಚಿದೆ. ಬಿಚ್ಚಿದ್ ಮ್ಯಾಲೆ ಸುಮ್ಕೆ ಮುಚ್ಚಾಕೆ ಮನ್ಸು ಬರ್ಲಿಲ್ಲ."

"ನೀನು ಮಾತ್ರೆ ತರ್ಸಿದ್ದೋಳಲ್ವೇನೇ?"

"ಅದು ಕೆಲ್ಸ ಕಮ್ಮಿ ಆಗ್ಲಿ ಅಂತ. ಅವರೆ ಸಾಯ್ಲಿ ಅಂತ ಅಲ್ವಲ್ಲ!"

ಬೂದಿ ಯಾರು ಜರಡಿ ಹಿಡಿಯಬೇಕೆಂದು ಬೇಸಿಗೆಯಿಡೀ ಜಗಳವಾಡಿದ ಅತ್ತೆಸೊಸೆಯರಿಬ್ಬರು, ಒಬ್ಬರಿಗೊಬ್ಬರು ತಿಳಿಯದಂತೆ, ಒಂದೇ ಕಪ್ಪಿನ ಬುಡ ಬಿಚ್ಚಿ ನನ್ನ ಪ್ರಯೋಗವನ್ನು ಹಾಳುಮಾಡಿದ್ದರು. ವಾದದ ದೃಷ್ಟಿಯಿಂದ ಎಲ್ಲ ಮುಗಿದಿತ್ತು. ಹೋಲಿಸಿ ನೋಡಲು ಏನೂ ಹಾಕದ ಕಪ್ಪಿಲ್ಲ. ಬೂದಿ ಕಾಯಿತೋ, ಎಣ್ಣೆ ಕಾಯಿತೋ, ನಾನು ಕೂತು ತಿರುವಿದ ಬಿಸಿಲೇ ಎಲ್ಲವನ್ನೂ ಮುಗಿಸಿತ್ತೋ, ಅಥವಾ ಕಪ್ಪೆಂದರೆ ಷೋಕೇಸಿನ ಮೇಲಿರಬೇಕೆಂಬ ಅತ್ತಿಗೆಯ ಹಟದಿಂದ ಸಿಕ್ಕ ಒಣಗಿದ ಜಾಗ ಕಾಯಿತೋ, ಯಾವುದನ್ನೂ ನಾನು ನಾಲ್ಕು ಜನರೆದುರು ಎದೆತಟ್ಟಿ ಹೇಳುವಂತಿರಲಿಲ್ಲ. ಇಷ್ಟು ದೂರ ಹೊತ್ತು ತಂದಿದ್ದ ಎರಡು ಭಾಷಣಗಳಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ.

ಆದರೆ ಬೀಜ ಇತ್ತು. ಅದನ್ನೇ ನಾನು ಇವತ್ತಿಗೂ ಯೋಚಿಸುತ್ತೇನೆ. ನನ್ನ ಪ್ರಯೋಗ ನಾನು ಬಯಸಿದಂತೆ ನಡೆದಿದ್ದರೆ ನಾಲ್ಕರಲ್ಲೊಂದು ಪಾಲು ಹುಳಕ್ಕೆ ಹೋಗಿ, ಆ ಲೆಕ್ಕಕ್ಕೆ ಒಂದು ಸತ್ಯ ಕೈಗೆ ಬರುತ್ತಿತ್ತು. ಸತ್ಯವನ್ನು ನಾನು ಹಗುರಾಗಿ ಕಾಣುವವಳಲ್ಲ. ಬೀಜ ಹೇರಳವಾಗಿರುವವರು ದಯವಿಟ್ಟು ಈ ಪರೀಕ್ಷೆಯನ್ನು ಸರಿಯಾಗಿ ಮಾಡಿ, ಬುಡಕ್ಕೂ ಮೊಹರು ಹಾಕಿ; ಇಲ್ಲದಿದ್ದರೆ ದೊಡ್ಡಮ್ಮಂದಿರ ಅಮಾವಾಸ್ಯೆಗೂ ಅಂಗಡಿಯವರ ಮಾತ್ರೆಗೂ ನಡುವೆ ನಾವು ಹೀಗೇ ಒದ್ದಾಡುತ್ತಿರಬೇಕಾಗುತ್ತದೆ. ಆದರೆ ಇರುವುದೇ ಒಂದು ಮಂಕರಿಯಾಗಿರುವಾಗ, ಏನೂ ಹಾಕದ ಕಪ್ಪನ್ನು ದಿನವೂ ಕಣ್ಣೆದುರಿಗೆ ಇಟ್ಟುಕೊಂಡು, ಅದು ಹಾಳಾಗಲಿ ಎಂದು ಕಾಯುವುದಕ್ಕೆ ಬೇರೆಯೇ ಎದೆ ಬೇಕು. ನಾನು ಕಾಯಬಲ್ಲವಳಾಗಿದ್ದೆ, ಏಕೆಂದರೆ ನಾನು ಮಧುಗಿರಿಯಲ್ಲಿದ್ದೆ.

ಆ ಸಂಜೆ ಸರೋಜತ್ತಿಗೆ ಪ್ರತಿ ಕಪ್ಪಿನಿಂದ ಒಂದು ಚಿಟಿಕೆ ಕಾಳು ಆರಿಸಿ ಒದ್ದೆಬಟ್ಟೆಯಲ್ಲಿ ಕಟ್ಟಿಟ್ಟಳು. ಮೊಳಕೆ ಬರುವವರೆಗೆ ನಾನು ಊರು ಬಿಡಲಿಲ್ಲ. ಕೋರ್ಟಿಗೆ ರಜೆ ಹೇಳಿದೆ, ಕಾರಣ ಹೇಳಲಿಲ್ಲ. ಬಟ್ಟೆ ಬಿಚ್ಚಿದ ಬೆಳಿಗ್ಗೆ ಕೆಂಪು ಮಚ್ಚೆಯ ಪಕ್ಕದಿಂದ ಬಿಳಿಯ ಮೂತಿಗಳು ಇಣುಕುತ್ತಿದ್ದವು. ದೊಡ್ಡಮ್ಮ ಅವನ್ನು ಬೆರಳಿನಿಂದ ಮುಟ್ಟಿ, ಬಟ್ಟೆಯನ್ನು ಮತ್ತೆ ಮಡಚಿ, ಅದರ ಮೇಲೆ ನೀರು ಚಿಮುಕಿಸಿದಳು.

ಮೂರು ಕಪ್ಪಿನ ಬೀಜ ಹಳ್ಳದ ಪಕ್ಕದ ಪಟ್ಟಿಗೆ ಹೋಯಿತು. ನಾಲ್ಕನೆಯದನ್ನು ಎತ್ತಿಡಬೇಕೆಂದು ಅತ್ತೆಸೊಸೆಯರಿಬ್ಬರೂ ಒಂದೇ ಬಾಯಲ್ಲಿ ಹೇಳಿದರು. ಮಳೆ ಕೈಕೊಟ್ಟರೆ ಇರಲಿ ಎಂದು, ಮತ್ತು ಒಂದೇ ಮನೆಯಲ್ಲಿ ಇಡುವುದು ಬೇಡವೆಂದು. "ನಿನ್ ಮನೇಲಿ ಕುಕ್ಕರ್ ಕೂಗಲ್ಲ, ಓಟ್ಲಲ್ಲಿ ಉಣ್ಣೋಳು ನೀನು. ಅಲ್ಲಿಗಿಂತ ಒಣಗಿರೋ ಜಾಗ ಇನ್ನೆಲ್ಲೈತೆ?" ಎಂದಳು ದೊಡ್ಡಮ್ಮ. ಹೊಗಳಿಕೆಯೋ ಬೈಗುಳವೋ ತಿಳಿಯದಿದ್ದರೂ ನಾನು ಒಪ್ಪಿಕೊಂಡೆ. ಆ ಕಾಳುಗಳನ್ನು ಮತ್ತೆ ಬಿಸಿಲಿಗೆ ಹಾಕಿ, ಹೊಸದಾಗಿ ಬೂದಿ ಬೆರೆಸಿ, ಅಂಗಳದಲ್ಲಿ ಮೂವರೂ ಕೂತು ಕಪ್ಪಿಗೆ ತುಂಬಿದೆವು. ಅಂದು ಅಮಾವಾಸ್ಯೆಯಾಗಿರಲಿಲ್ಲ, ದೊಡ್ಡಮ್ಮ ಅದರ ಮಾತೆತ್ತಲಿಲ್ಲ. ತುಟಿಯ ಮೇಲೆ ಬೆರಳನ್ನು ಮಾತ್ರ ಇಟ್ಟಳು. ಅದು ನನಗಾಗಿಯೇ ಇಟ್ಟದ್ದು.

ಕೊನೆಯ ಹಿಡಿ ಮಣ್ಣು ಮೆತ್ತುವವರೆಗೂ ನಾನು ಬಾಯಿ ಬಿಡಲಿಲ್ಲ.

ಅದಕ್ಕೆ ಕಾರಣವಿದೆ. ಬೂದಿ ಬೆರೆಸುವಾಗ ಮಾತಾಡಿದರೆ ಅದು ಗಂಟಲಿಗೆ ಹೋಗುತ್ತದೆ, ಕೆಮ್ಮು ಬರುತ್ತದೆ, ಕೆಮ್ಮಿದರೆ ಎಂಜಲಿನ ತೇವ ಬೀಜಕ್ಕೆ ಸಿಡಿಯುತ್ತದೆ. ಆದ್ದರಿಂದಲೇ ಹಿರಿಯರು ಮೌನದ ಕಟ್ಟಳೆ ಮಾಡಿರಬೇಕು. ಮೊಹರು ಒಣಗಿದ ಮೇಲೆ ನಾನಿದನ್ನು ದೊಡ್ಡಮ್ಮನಿಗೆ ವಿವರವಾಗಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಹುಳ ಕೇಳಿಸ್ಕಂತವೆ ಅಂತ ಅಷ್ಟೇ ಕಣೇ" ಎಂದು ಕೈತೊಳೆಯಲು ಎದ್ದಳು. ಅಂಗಳದಲ್ಲಿ ಸೂಜಿ, ದಾರ, ಹೊಲಿದು ಮುಗಿಸಿದ ಕೋಟು ಹಿಡಿದುಕೊಂಡು ದರ್ಜಿಯೊಬ್ಬಳೇ ಕೂತಿದ್ದಳು.

ಕಪ್ಪು ಈಗ ನನ್ನ ಮೇಜಿನ ಮೇಲಿದೆ. ಹಳ್ಳದ ಪಕ್ಕದ ಬಳ್ಳಿಗಳು ಎರಡೆಲೆ ಬಿಟ್ಟಿವೆಯೆಂದು ಅತ್ತಿಗೆ ಫೋಟೋ ಕಳಿಸಿದ್ದಾಳೆ. 'ರಾಸಾಯನಿಕಗಳಿಲ್ಲದೆ ಕೃಷಿಯಿಲ್ಲ' ಎಂಬ ಅಕ್ಷರಗಳ ಮೇಲೆ ದೊಡ್ಡಮ್ಮನ ಹೆಬ್ಬೆರಳಿನ ಮಣ್ಣು ಅಂಟಿಕೊಂಡು ಒಣಗಿದೆ, ಒರೆಸಲು ಹೋಗಿಲ್ಲ. ಬುಡದ ತಿರುಪನ್ನು ಆಗಾಗ ಮುಟ್ಟಿ ನೋಡುತ್ತೇನೆ, ಬಿಗಿಯಾಗಿದೆ. ಮೊನ್ನೆ ಕಕ್ಷಿದಾರರೊಬ್ಬರು ಧೈರ್ಯ ಮಾಡಿ ಕೇಳಿಯೇಬಿಟ್ಟರು: "ಮೇಡಂ, ಇದ್ಯಾವುದರಲ್ಲಿ ಗೆದ್ದಿದ್ದು?" ಉತ್ತರ ನಾಲಿಗೆಯ ತುದಿಯಲ್ಲಿತ್ತು, ಪರವಾಗಿಯೂ ಇತ್ತು, ವಿರೋಧವಾಗಿಯೂ ಇತ್ತು. ಕಪ್ಪಿನ ಕಡೆ ನೋಡಿ, ಅದು ಕೇಳಿಸಿಕೊಳ್ಳುತ್ತದೇನೋ ಎಂಬಂತೆ, ತುಟಿಯ ಮೇಲೆ ಬೆರಳಿಟ್ಟೆ.